ಹಳೆಯ ಕಣ್ಣಿಗೆ ಹೊಸ ಅಕ್ಷಿಪಟಲ

ಹೂವಿನಹಡಗಲಿ ತಾಲ್ಲೂಕಿನ ಹೊಳಲಿನಿಂದ ಹೊರಟು ಪೂರ್ವದ ಕಡೆಗೆ, ಹಗರಿಬೊಮ್ಮನಹಳ್ಳಿಯ ಸೀಮೆಯನ್ನು ಹೊಕ್ಕರೆ ಅಂಕಸಮುದ್ರವೆಂಬ ಗ್ರಾಮವು ದೊರೆಯುತ್ತದೆ. ಊರಿನ ಮಗ್ಗುಲಲ್ಲಿ, ಶತಮಾನಗಳ ಹಿಂದೆ ಬೇಸಾಯಕ್ಕಾಗಿ ಕಟ್ಟಿದ ಕೆರೆಯೊಂದುಂಟು. ಅದರ ವಿಸ್ತೀರ್ಣ 98.76 ಹೆಕ್ಟೇರು. ನೀರಿನ ನಡುವೆ ನಿಂತ ಜಾಲಿಯ ಮರಗಳ ಮೇಲೆ ಬಣ್ಣದ ಕೊಕ್ಕರೆ, ಕರಿತಲೆಯ ಬಿಳಿ ಕೆಂಬರಲು ಮೊದಲಾದ ನೀರುಹಕ್ಕಿಗಳು ವರ್ಷವರ್ಷವೂ 30,000ಕ್ಕೂ ಮಿಕ್ಕ ಸಂಖ್ಯೆಯಲ್ಲಿ ಬಂದು ತಂಗುತ್ತವೆ, ಗೂಡು ಕಟ್ಟುತ್ತವೆ. 2017ರಲ್ಲಿ ಈ ಕೆರೆಯನ್ನು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಸಾರಲಾಯಿತು. 2024ರ ಜನವರಿಯಲ್ಲಿ ಇದು ಅಂತರರಾಷ್ಟ್ರೀಯ ಮಹತ್ವದ ರಾಮ್‌ಸಾರ್ ಜೌಗುಪ್ರದೇಶಗಳ ಪಟ್ಟಿಗೂ ಸೇರಿತು.

ಸಂಜೆಯ ಹೊತ್ತು ಈ ಕೆರೆಯ ಏರಿಯ ಮೇಲೆ ನಿಂತ ವಿದ್ಯಾರ್ಥಿಯೊಬ್ಬನು ತನ್ನ ಕೈಯಲ್ಲಿರುವ ಸಾಧಾರಣ ಕ್ಯಾಮರಾದಿಂದ ಕೊಕ್ಕರೆಯೊಂದರ ಚಿತ್ರವನ್ನು ತೆಗೆದನೆನ್ನೋಣ. ಮನೆಗೆ ಹೋಗಿ ನೋಡಿದರೆ ಹಕ್ಕಿಯು ಒಂದು ಬಿಳಿಯ ಚುಕ್ಕೆ ಮಾತ್ರ. ಇನ್ನಷ್ಟು ಹತ್ತಿರ ಹೋಗೋಣವೆಂದರೆ ಹಕ್ಕಿಗಳು ಬೆದರುತ್ತವೆ. ಈ ಕೆಲಸಕ್ಕೆಂದೇ ಇಂದು ತಯಾರಾಗುವ ದೊಡ್ಡ ಮಸೂರಗಳ ಬೆಲೆಯು ಹಲವು ಲಕ್ಷ ರೂಪಾಯಿ. ಆದರೆ ನಲವತ್ತು ಐವತ್ತು ವರ್ಷಗಳ ಹಿಂದೆ ಫಿಲ್ಮಿನ ಕ್ಯಾಮರಾಗಳಿಗಾಗಿ ಮಾಡಿದ ಅಂಥವೇ ಮಸೂರಗಳು ಈಗ ಆ ಬೆಲೆಯ ಒಂದು ಸಣ್ಣ ಪಾಲಿಗೆ ದೊರೆಯುವುದುಂಟು. ಕಣ್ಣಿನಲ್ಲಿ ಮಸೂರದ ಹಿಂದೆ ಅಕ್ಷಿಪಟಲವಿರುವಂತೆ, ಕ್ಯಾಮರಾದಲ್ಲಿ ಮಸೂರದ ಹಿಂದೆ ಮೊದಲು ಫಿಲ್ಮು ಇತ್ತು. ಈಗ ಅಲ್ಲಿ ವಿದ್ಯುತ್ ಸಂವೇದಕವಿದೆ. ಹಳೆಯ ಕಣ್ಣಿಗೆ ಹೊಸ ಅಕ್ಷಿಪಟಲವು ಹೊಂದೀತೇ? ಹೊಂದಿದರೆ ಲಾಭವೇನು, ತೊಡಕೇನು? ಇದನ್ನು ಕ್ರಮವಾಗಿ ಪರಿಶೀಲಿಸೋಣ.

ಬಿಂಬದ ಗಾತ್ರ

ಬಹುದೂರದ ವಸ್ತುವಿನಿಂದ ಬಂದ ಕಿರಣಗಳು ಮಸೂರದ ಹಿಂದೆ ಒಂದು ಕಡೆ ಕೂಡುತ್ತವೆ. ಮಸೂರಕ್ಕೂ ಆ ಸ್ಥಾನಕ್ಕೂ ಇರುವ ದೂರವೇ ನಾಭಿದೂರ. ನಾಭಿದೂರವು ಹೆಚ್ಚಿದಷ್ಟೂ ಬಿಂಬವು ದೊಡ್ಡದಾಗುತ್ತದೆ. ಬಣ್ಣದ ಕೊಕ್ಕರೆಯ ಎತ್ತರ ಸುಮಾರು 1 ಮೀಟರು. ಅದು 60 ಮೀಟರು ದೂರದಲ್ಲಿರುವಾಗ 50 ಮಿ.ಮೀ. ಮಸೂರವು ಕೊಡುವ ಬಿಂಬದ ಎತ್ತರ 0.8 ಮಿ.ಮೀ. ಮಾತ್ರ, 400 ಮಿ.ಮೀ. ಮಸೂರವು ಕೊಡುವುದು 6.7 ಮಿ.ಮೀ. ಈಗ 36 ಮಿ.ಮೀ. ಅಗಲದಲ್ಲಿ 6,000 ಪಿಕ್ಸೆಲುಗಳನ್ನು ಜೋಡಿಸಿದ ಸಂವೇದಕವನ್ನು ಭಾವಿಸಿಕೊಳ್ಳಿ. ಮೊದಲನೆಯ ಬಿಂಬವು ಸುಮಾರು 140 ಪಿಕ್ಸೆಲುಗಳಷ್ಟು ಎತ್ತರವಾದರೆ ಎರಡನೆಯದು 1,100 ಪಿಕ್ಸೆಲುಗಳಿಗೂ ಹೆಚ್ಚು. ಚುಕ್ಕೆಯಾಗಿದ್ದುದು ಈಗ ಕೊಕ್ಕು, ಕಣ್ಣು, ಗರಿಗಳುಳ್ಳ ಹಕ್ಕಿಯಾಗುವುದು.

ನಾಭಿದೂರವು 400 ಮಿ.ಮೀ. ಆದರೆ ಕೊಳವೆಯೂ ಅಷ್ಟೇ ಉದ್ದವಾಗಿರಬೇಕೆಂದಿಲ್ಲ. ಮುಂದೆ ಕಿರಣಗಳನ್ನು ಕೂಡಿಸುವ ಮಸೂರಗಳನ್ನೂ ಹಿಂದೆ ಅವನ್ನು ತುಸು ಚದರಿಸುವ ಮಸೂರಗಳನ್ನೂ ಇಟ್ಟರೆ ಕೊಳವೆಯು ನಾಭಿದೂರಕ್ಕಿಂತ ಗಿಡ್ಡವಾಗುತ್ತದೆ. ಇದೇ ನಿಜವಾದ ಟೆಲಿಫೋಟೋ ರಚನೆ. 1891ರಲ್ಲಿ ಇಂಗ್ಲೆಂಡಿನಲ್ಲಿ ಡಾಲ್‌ಮೈಯರನೂ ಜರ್ಮನಿಯಲ್ಲಿ ಮೀಥೆ ಮತ್ತು ಸ್ಟೈನ್‌ಹೈಲರೂ ಇದನ್ನು ಬೇರೆಬೇರೆಯಾಗಿಯೇ ಸಾಧಿಸಿದರು.

ಬೆಳಕಿನ ಲೆಕ್ಕ

ಬಿಂಬವು ದೊಡ್ಡದಾದ ಮಾತ್ರಕ್ಕೆ ಸಾಲದು; ಅದು ಉಜ್ಜ್ವಲವಾಗಿಯೂ ಇರಬೇಕು. ನಾಭಿದೂರವನ್ನು ಮಸೂರದ ಬೆಳಕಿನ ದ್ವಾರದ ವ್ಯಾಸದಿಂದ ಭಾಗಿಸಿದರೆ ಬರುವ ಸಂಖ್ಯೆಯನ್ನು ಎಫ್-ಸಂಖ್ಯೆಯೆನ್ನುತ್ತಾರೆ. 400 ಮಿ.ಮೀ. ಮಸೂರದ ಎಫ್-ಸಂಖ್ಯೆ 2.8 ಆಗಬೇಕಾದರೆ ದ್ವಾರದ ವ್ಯಾಸವು ಸುಮಾರು 143 ಮಿ.ಮೀ. ಇರಬೇಕು. ಅದೇ ನಾಭಿದೂರದ ಎಫ್ 5.6 ಮಸೂರಕ್ಕೆ 71 ಮಿ.ಮೀ. ಸಾಕು. ವ್ಯಾಸವು ಇಮ್ಮಡಿಯಾದರೆ ವಿಸ್ತೀರ್ಣವು ನಾಲ್ಮಡಿಯಾಗುವುದರಿಂದ ಒಳಬರುವ ಬೆಳಕೂ ನಾಲ್ಮಡಿಯಾಗುತ್ತದೆ. ಎರಡನೆಯದರಲ್ಲಿ ಸೆಕೆಂಡಿನ 250ನೆಯ ಒಂದು ಪಾಲು ಬೆಳಕು ಬೀಳಿಸಬೇಕಾದ ಕಡೆ ಮೊದಲನೆಯದರಲ್ಲಿ 1,000ದ ಒಂದು ಪಾಲು ಸಾಕಾಗುತ್ತದೆ. ಬೀಸುವ ರೆಕ್ಕೆಯು ಮಸುಕಾಗುವುದೂ ಸ್ಫುಟವಾಗುವುದೂ ಈ ವ್ಯತ್ಯಾಸದಿಂದಲೇ. ಇಂಥ ಮಸೂರಗಳನ್ನು ವೇಗದ ಮಸೂರಗಳೆಂದು ಕರೆಯುವುದಕ್ಕೆ ಇದೇ ಕಾರಣ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯ ಬಂಡೆಗಳ ನಡುವೆ ಮುಚ್ಚಂಜೆಯಲ್ಲಿ ಹೊರಬರುವ ಕರಡಿಯನ್ನು ಚಿತ್ರಿಸಬೇಕೆನ್ನುವವನಿಗೆ ಈ ನಾಲ್ಮಡಿ ಬೆಳಕಿನ ಬೆಲೆಯು ಚೆನ್ನಾಗಿ ತಿಳಿಯುವುದು.

ವೇಗದ ದೂರಮಸೂರಗಳ ಬೆಳವಣಿಗೆಗೆ ಕ್ರೀಡೆಗಳೂ ನೆರವಾದುವು. 1936ರ ಬರ್ಲಿನ್ ಒಲಿಂಪಿಕ್ ಕೂಟದಲ್ಲಿ ಜರ್ಮನಿಯ ಝೈಸ್ ಸಂಸ್ಥೆಯ 180 ಮಿ.ಮೀ. ಎಫ್ 2.8 ಸೊನ್ನಾರ್ ಹೆಸರಾಯಿತು. 1972ರ ಸಪ್ಪೊರೊ ಚಳಿಗಾಲದ ಕೂಟದ ವೇಳೆಗೆ ನಿಕಾನ್ ಸಂಸ್ಥೆಯು 300 ಮಿ.ಮೀ. ಎಫ್ 2.8 ಮಸೂರವನ್ನು ಸಿದ್ಧಪಡಿಸಿತು.

ಆಗಿನ ಫಿಲ್ಮುಗಳಾದರೋ ಬಹಳ ಮಂದ. 1961ರಲ್ಲಿ ಬಂದ ಕೊಡಾಕ್ರೋಮ್-2 ಬಣ್ಣದ ಫಿಲ್ಮಿನ ಸಂವೇದನಾಂಕ 25. ಇಂದಿನ ಸಂವೇದಕವನ್ನು 1,600ರಲ್ಲಿ ಇಟ್ಟರೂ ಒಪ್ಪತಕ್ಕ ಚಿತ್ರ ಬರುತ್ತದೆ. ಇದು 64 ಮಡಿ ಹೆಚ್ಚು. ಆ ಫಿಲ್ಮಿಗೆ ಸೆಕೆಂಡಿನ 15ನೆಯ ಒಂದು ಪಾಲು ಬೇಕಾಗಿದ್ದ ಬೆಳಕಿನಲ್ಲಿ, ಅದೇ ಮಸೂರದಿಂದ, ಈಗ ಸುಮಾರು 1,000ದ ಒಂದು ಪಾಲು ಸಾಕು. ಹಾಗಾದರೆ ವೇಗದ ಮಸೂರದ ಅಗತ್ಯವೇ ತೀರಿತೆನ್ನಬಹುದೇ? ಇಲ್ಲ. ಬೆಳಕು ಕಣಕಣವಾಗಿ ಬರುವುದರಿಂದ ಪ್ರತಿಯೊಂದು ಪಿಕ್ಸೆಲಿಗೆ ಬೀಳುವ ಕಣಗಳ ಸಂಖ್ಯೆಯಲ್ಲಿ ಏರಿಳಿತವಿರುತ್ತದೆ. ಚಿತ್ರದಲ್ಲಿ ಕಾಣುವ ಮರಳುಮರಳಾದ ಗದ್ದಲಕ್ಕೆ ಇದೇ ಮುಖ್ಯ ಕಾರಣ. ಕಣಗಳು ನಾಲ್ಮಡಿಯಾದರೆ ಗದ್ದಲದೊಡನೆ ಹೋಲಿಸಿದ ಚಿತ್ರದ ಸತ್ತ್ವವು ಇಮ್ಮಡಿಯಾಗುತ್ತದೆ. ಸಂವೇದನಾಂಕವನ್ನು ಏರಿಸುವುದರಿಂದ ಹೊಸ ಬೆಳಕೇನೂ ಹುಟ್ಟದು. ಬೆಳಕನ್ನು ತರಬಲ್ಲುದು ದೊಡ್ಡ ಗಾಜು ಮಾತ್ರ. ಆ ಗಾಜು ಐವತ್ತು ವರ್ಷದ ಹಳೆಯದಾದರೂ ಅದರ ವ್ಯಾಸವೇನೂ ಕುಗ್ಗಿರುವುದಿಲ್ಲ.

ಎರಡು ಮಿಲಿಮೀಟರಿನ ತೊಡಕು

ಹಳೆಯ ಮಸೂರವನ್ನು ಹೊಸ ಕ್ಯಾಮರಾಕ್ಕೆ ತೊಡಿಸುವಾಗ ಮೊದಲು ಗಮನಿಸಬೇಕಾದುದು, ಮಸೂರವು ಕೂಡುವ ಲೋಹದ ಬಳೆಗೂ ಸಂವೇದಕಕ್ಕೂ ಇರುವ ಅಂತರ. ಕ್ಯಾನನ್ ಸಂಸ್ಥೆಯ ಹಳೆಯ ಎಫ್.ಡಿ. ಮಾದರಿಯಲ್ಲಿ ಇದು 42 ಮಿ.ಮೀ.; 1987ರಲ್ಲಿ ಬಂದ ಇ.ಎಫ್. ಮಾದರಿಯಲ್ಲಿ 44 ಮಿ.ಮೀ. ಹಳೆಯ ಮಸೂರವನ್ನು ಈ ಎರಡನೆಯದಕ್ಕೆ ಹೇಗೆ ಜೋಡಿಸಿದರೂ ಅದು ಇರಬೇಕಾದುದಕ್ಕಿಂತ 2 ಮಿ.ಮೀ. ಮುಂದೆಯೇ ನಿಲ್ಲುತ್ತದೆ. ಇಷ್ಟರಿಂದ ಏನಾದೀತು ಎನ್ನಬೇಡಿ. ಮಸೂರವು ಅನಂತ ದೂರದ ಗುರುತಿನಲ್ಲಿಯೇ ನಿಲ್ಲುವುದಾದರೆ, ಅದು ಸ್ಫುಟವಾಗಿ ತೋರಬಲ್ಲ ಅತಿ ಹೆಚ್ಚಿನ ದೂರವು, ನಾಭಿದೂರದ ವರ್ಗವನ್ನು ಈ 2ರಿಂದ ಭಾಗಿಸಿದರೆ ದೊರೆಯುತ್ತದೆ. 400 ಮಿ.ಮೀ. ಮಸೂರಕ್ಕೆ ಅದು ಸುಮಾರು 80 ಮೀಟರು, 50 ಮಿ.ಮೀ. ಮಸೂರಕ್ಕೆ ಬರಿಯ ಒಂದೂಕಾಲು ಮೀಟರು! ಅದರಾಚೆಯದೆಲ್ಲವೂ ಮಸುಕು.

ಅಂತರವು ಹೀಗೆ ದೊಡ್ಡದಾಗಿದ್ದುದಕ್ಕೆ ಕಾರಣ, ಮಸೂರಕ್ಕೂ ಫಿಲ್ಮಿಗೂ ನಡುವೆ ಓರೆಯಾಗಿ ನಿಂತು ದೃಶ್ಯವನ್ನು ಕಣ್ಣಿಗೆ ಕಳುಹಿಸುತ್ತಿದ್ದ ಕನ್ನಡಿ. ಕನ್ನಡಿಯಿಲ್ಲದ ಕ್ಯಾಮರಾಗಳು ಬಂದೊಡನೆ ತೊಡಕು ಬಿಡಿಸಿತು. 2010ರಲ್ಲಿ ಬಂದ ಸೋನಿಯ ಇ ಮಾದರಿಯಲ್ಲಿ ಅಂತರವು 18 ಮಿ.ಮೀ., 2018ರ ನಿಕಾನ್ ಝಡ್ ಮಾದರಿಯಲ್ಲಿ 16 ಮಿ.ಮೀ. ನಿಕಾನಿನ ಹಳೆಯ ಎಫ್ ಮಾದರಿಯ ಅಂತರ 46.5 ಮಿ.ಮೀ. ಆದುದರಿಂದ, 30.5 ಮಿ.ಮೀ. ಉದ್ದದ ಟೊಳ್ಳು ಬಳೆಯೊಂದನ್ನು ನಡುವೆ ಇಟ್ಟರೆ ಹಳೆಯ ಮಸೂರವು ತನ್ನ ಸ್ಥಾನದಲ್ಲಿಯೇ ನಿಲ್ಲುತ್ತದೆ. ಈ ಬಳೆಯಲ್ಲಿ ಗಾಜಿರಬೇಕಾದುದಿಲ್ಲ. ಅದರ ಉದ್ದವು ನಿಖರವಾಗಿದ್ದರೆ ಸಾಕು.

ಬಣ್ಣದ ಅಂಚು

ಗಾಜು ಎಲ್ಲ ಬಣ್ಣಗಳನ್ನೂ ಸಮನಾಗಿ ಬಾಗಿಸದು. ನೀಲಿಯನ್ನು ಕೆಂಪಿಗಿಂತ ಹೆಚ್ಚು ಬಾಗಿಸುತ್ತದೆ. ಎರಡು ಬಗೆಯ ಗಾಜುಗಳನ್ನು ಜೋಡಿಸಿ ಎರಡು ಬಣ್ಣಗಳನ್ನು ಒಂದೆಡೆ ಕೂಡಿಸಬಹುದಾದರೂ ಉಳಿದ ಬಣ್ಣಗಳು ತುಸು ಹಿಂದುಮುಂದಾಗುತ್ತವೆ. ಸಾಧಾರಣ ಗಾಜುಗಳ ಜೋಡಿಯಲ್ಲಿ ಈ ಶೇಷದೋಷವು ನಾಭಿದೂರದ ಸುಮಾರು 2,000ದಲ್ಲಿ ಒಂದು ಪಾಲು. 400 ಮಿ.ಮೀ.ಗೆ ಅದು 0.2 ಮಿ.ಮೀ. ಎಫ್ 2.8ರಲ್ಲಿ ಇದರಿಂದಾಗುವ ಮಸುಕಿನ ವ್ಯಾಸವು ಸುಮಾರು 0.07 ಮಿ.ಮೀ., ಅಂದರೆ ಮೇಲೆ ಹೇಳಿದ ಸಂವೇದಕದಲ್ಲಿ ಹನ್ನೆರಡು ಪಿಕ್ಸೆಲುಗಳಷ್ಟು. ಬಿಳಿಯ ಮೈಗೆ ಕರಿಯ ತಲೆಯುಳ್ಳ ಕೆಂಬರಲಿನ ಕೊರಳಿನ ಅಂಚಿನಲ್ಲಿ ನೇರಿಳೆ ಬಣ್ಣದ ಗೆರೆಯೊಂದು ಕಂಡರೆ ಅದು ಹಕ್ಕಿಯದಲ್ಲ, ಮಸೂರದ್ದೆಂದು ತಿಳಿಯಬೇಕು.

ಇದನ್ನು ನೀಗಲು ಬಣ್ಣಗಳನ್ನು ಕಡಿಮೆ ಚದರಿಸುವ ವಸ್ತುಗಳು ಬೇಕಾದುವು. 1969ರಲ್ಲಿ ಕ್ಯಾನನ್ ಸಂಸ್ಥೆಯು ಫ್ಲೋರೈಟ್ ಹರಳನ್ನು ಬಳಸಿದ 300 ಮಿ.ಮೀ. ಮಸೂರವನ್ನು ಮಾರುಕಟ್ಟೆಗೆ ತಂದಿತು. ನಿಕಾನ್ ಸಂಸ್ಥೆಯು ಅದೇ ಕೆಲಸಕ್ಕೆ ಇ.ಡಿ. ಎಂಬ ವಿಶೇಷ ಗಾಜನ್ನು ಬಳಸಿತು. ಆದಕಾರಣ ಹಳೆಯ ಮಸೂರವನ್ನು ಕೊಳ್ಳುವವರು ಅದರ ಮೇಲೆ ಇಂಥ ಗುರುತಿದೆಯೇ ಎಂದು ನೋಡುವುದು ಲೇಸು. ಬೆಳಕಿಗೆ ಹಿಡಿದು, ಒಳಗೆ ಜೇಡರ ಬಲೆಯಂತೆ ಬೂಷ್ಟು ಹಬ್ಬಿದೆಯೇ ಎಂಬುದನ್ನೂ ಪರೀಕ್ಷಿಸಬೇಕು. ಬೂಷ್ಟು ಗಾಜಿನ ಮೇಲಿನ ಲೇಪವನ್ನೇ ತಿನ್ನಬಲ್ಲುದು.

ಕೈಯ ಕೆಲಸ

ಹಳೆಯ ಮಸೂರಕ್ಕೆ ಕ್ಯಾಮರಾದೊಡನೆ ಮಾತಾಡಲು ಬಾರದು. ಅದರಲ್ಲಿ ವಿದ್ಯುತ್ ತಂತಿಯಾಗಲಿ ಮೋಟಾರಾಗಲಿ ಇಲ್ಲ. ಆದಕಾರಣ ‘ಮಸೂರವಿಲ್ಲದಿದ್ದರೂ ಚಿತ್ರ ತೆಗೆ’ ಎಂಬ ಆಜ್ಞೆಯನ್ನು ಕ್ಯಾಮರಾಕ್ಕೆ ಮೊದಲೇ ಕೊಟ್ಟಿರಬೇಕಾಗಬಹುದು. ಕ್ಯಾಮರಾದೊಳಗೆ ಕೈನಡುಕವನ್ನು ತಡೆಯುವ ವ್ಯವಸ್ಥೆಯಿದ್ದರೆ ಅದಕ್ಕೆ ನಾಭಿದೂರವನ್ನೂ ನಾವೇ ತಿಳಿಸಬೇಕು. ಬಿಂಬವನ್ನು ಸ್ಫುಟಗೊಳಿಸುವುದು ಬೆರಳುಗಳ ಕೆಲಸ. ಇದು ಸುಲಭವಲ್ಲ. 20 ಮೀಟರು ದೂರದ ಹಕ್ಕಿಯನ್ನು 400 ಮಿ.ಮೀ. ಎಫ್ 2.8 ಮಸೂರದಿಂದ ನೋಡುವಾಗ, ಹಳೆಯ ಫಿಲ್ಮಿನ ಲೆಕ್ಕದಲ್ಲಿ ಸುಮಾರು 40 ಸೆಂ.ಮೀ. ಆಳದವರೆಗೆ ಸ್ಫುಟತೆಯುಂಟು, ಒಂದೊಂದು ಪಿಕ್ಸೆಲಿನ ಲೆಕ್ಕ ಹಿಡಿದರೆ 8 ಸೆಂ.ಮೀ. ಮಾತ್ರ. ಕಣ್ಣು ಸ್ಫುಟವಾದರೆ ಬಾಲವು ಮಸುಕಾಗುವುದು.

ಆದರೆ ಇಲ್ಲಿ ಹೊಸ ಕ್ಯಾಮರಾ ಉಪಕಾರಿ. ಅದರ ಪುಟ್ಟ ಪರದೆಯಲ್ಲಿ ದೃಶ್ಯದ ಒಂದು ತುಣುಕನ್ನು ಹಲವು ಮಡಿ ಹಿಗ್ಗಿಸಿ ನೋಡಬಹುದು. ಸ್ಫುಟವಾದ ಅಂಚುಗಳನ್ನು ಬಣ್ಣದ ಗೆರೆಯಿಂದ ತೋರಿಸುವ ಏರ್ಪಾಡೂ ಉಂಟು. ಮಸೂರದ ಮೇಲಿನ ಅನಂತದ ಗುರುತನ್ನು ಮಾತ್ರ ಕುರುಡಾಗಿ ನಂಬಬಾರದು. ಬಿಸಿಲಿಗೆ ಲೋಹವೂ ಗಾಜೂ ಹಿಗ್ಗುವುದರಿಂದ, ದೊಡ್ಡ ಮಸೂರಗಳು ಆ ಗುರುತನ್ನು ತುಸು ದಾಟಿ ತಿರುಗುವಂತೆ ತಯಾರಕರೇ ಮಾಡಿರುವುದು ಸಾಮಾನ್ಯ. ಇನ್ನು 400 ಮಿ.ಮೀ. ಎಫ್ 2.8 ಮಸೂರದ ತೂಕವೇ 5 ಕಿಲೋಗ್ರಾಮಿನ ಆಸುಪಾಸು. ಗಟ್ಟಿಯಾದ ಮುಕ್ಕಾಲಿಯ ಮೇಲೆ ಅದನ್ನು ನಿಲ್ಲಿಸಬೇಕು. ನಮ್ಮ ಸೀಮೆಯ ಬೇಸಗೆಯ ನಡುಹಗಲಿನಲ್ಲಿ ಕಾದ ನೆಲದಿಂದ ಏಳುವ ಗಾಳಿಯು ಬಿಂಬವನ್ನು ಅಲುಗಿಸುತ್ತದೆ. ಇದಕ್ಕೆ ಹಳೆಯ ಮಸೂರದಲ್ಲಾಗಲಿ ಹೊಸದರಲ್ಲಾಗಲಿ ಮದ್ದಿಲ್ಲ. ಬೆಳಗ್ಗೆ ಬೇಗ ಏಳುವುದೊಂದೇ ಉಪಾಯ.

ದೂರದ ಧರ್ಮ

ಒಂದರ ಮೈಗೆ ಇನ್ನೊಂದರ ಕಣ್ಣನ್ನು ಜೋಡಿಸುವ ಈ ಕಲೆಯು ನಮ್ಮ ಸೀಮೆಗೆ ತೀರ ಅಪರಿಚಿತವೇನಲ್ಲ. 1940ರ ದಶಕದಲ್ಲಿ ನೆರೆಯ ಸಂಡೂರು ಸಂಸ್ಥಾನದಲ್ಲಿ ಅಧ್ಯಾಪಕರಾಗಿಯೂ ನ್ಯಾಯಾಧೀಶರಾಗಿಯೂ ಕೆಲಸ ಮಾಡಿದ ಪ್ರಕೃತಿತಜ್ಞ ಎಂ. ಕೃಷ್ಣನ್ (1912–1996) ಅವರು ಮುಂದೆ ಕಾಡುಪ್ರಾಣಿಗಳ ಛಾಯಾಗ್ರಹಣದಲ್ಲಿ ಪ್ರಸಿದ್ಧರಾದರು. ಒಂದು ಸಂಸ್ಥೆಯ ಕ್ಯಾಮರಾಕ್ಕೆ ಇನ್ನೊಂದರ ದೂರಮಸೂರವನ್ನು ತಾವೇ ಜೋಡಿಸಿಕೊಂಡು ಅದಕ್ಕೆ ‘ಸೂಪರ್ ಪಾಂಡರೋಸಾ’ ಎಂದು ವಿನೋದದ ಹೆಸರಿಟ್ಟಿದ್ದರು. ಚೆಲುವಾದ ಉಪಕರಣವಲ್ಲ, ಆದರೂ ಅದರಿಂದ ಅವರು ತೆಗೆದ ಕಪ್ಪುಬಿಳುಪಿನ ಚಿತ್ರಗಳು ಇಂದಿಗೂ ಬೆಲೆಯುಳ್ಳವು.

ಅಂಕಸಮುದ್ರದಂಥ ಕೆರೆಯಲ್ಲಿ ದೂರಮಸೂರಕ್ಕೆ ಇನ್ನೊಂದು ಪ್ರಯೋಜನವೂ ಉಂಟು. ಗೂಡಿನ ಹತ್ತಿರಕ್ಕೆ ಮನುಷ್ಯನು ಬಂದರೆ ತಾಯಿಹಕ್ಕಿಯು ಹಾರಿಹೋಗುತ್ತದೆ. ಅದು ಮರಳುವುದರೊಳಗೆ ಮೊಟ್ಟೆಯು ಬಿಸಿಲಿನಲ್ಲಿ ಕಾಯುತ್ತದೆ. ಇಲ್ಲವೇ ಕಾಗೆಯ ಪಾಲಾಗುತ್ತದೆ. ಅದೇ 60 ಮೀಟರು ಹಿಂದೆ, ಏರಿಯ ಮೇಲೆಯೇ ನಿಂತು ಚಿತ್ರ ತೆಗೆದರೆ ಹಕ್ಕಿಗೆ ನಮ್ಮ ಇರವಿನ ಗೊಡವೆಯೇ ಇರುವುದಿಲ್ಲ. ಹಳ್ಳಿಯ ಶಾಲೆಯ ವಿದ್ಯಾರ್ಥಿಗಳು ಕೂಡಿ ಇಂಥ ಹಳೆಯ ಮಸೂರವೊಂದನ್ನು ಸಂಪಾದಿಸಿ, ತಿಂಗಳಿಗೊಮ್ಮೆ ಅದೇ ಜಾಗದಿಂದ ಅದೇ ಮರಗಳ ಚಿತ್ರ ತೆಗೆದು, ಗೂಡುಗಳನ್ನು ಎಣಿಸಿ ತಾರೀಖಿನೊಡನೆ ಬರೆದಿಡುತ್ತ ಬಂದರೆ, ಹತ್ತು ವರ್ಷಗಳಲ್ಲಿ ಆ ಕೆರೆಯ ಚರಿತ್ರೆಯೇ ಸಿದ್ಧವಾದೀತು. ಹಳೆಯ ಮಸೂರವು ಕೇಳುವುದು ತುಸು ಗಣಿತ, ತುಸು ಕೈಚಳಕ, ಬಹಳ ತಾಳ್ಮೆ. ಇವು ಮೂರೂ ಅಂಗಡಿಯಲ್ಲಿ ದೊರೆಯುವ ಸರಕುಗಳಲ್ಲ. ಅಭ್ಯಾಸದಿಂದ ಯಾರಿಗಾದರೂ ಬರತಕ್ಕವು.