ಬೆಚ್ಚನೆಯ ನಾಡಿಗೆ ಬಂದ ಹಿಮ

2021ನೆಯ ಇಸವಿಯ ಫೆಬ್ರವರಿ 14, ಭಾನುವಾರ. ಅಮೆರಿಕದ ದಕ್ಷಿಣದಲ್ಲಿರುವ ಟೆಕ್ಸಾಸ್ ಪ್ರಾಂತ್ಯದ ಮೇಲೆ ಹಿಮ ಸುರಿಯತೊಡಗಿತು. ಬೇಸಿಗೆಯ ಧಗೆಗೆ ಹೆಸರಾದ ನಾಡು ಅದು. ಅಲ್ಲಿನ ಎಷ್ಟೋ ಮಕ್ಕಳು ಅಂಗಳದ ತುಂಬ ಬಿಳುಪನ್ನು ಕಂಡುದು ಅದೇ ಮೊದಲು. ಆದರೆ ಆ ಸಂಭ್ರಮ ಒಂದು ಹಗಲಿನದಾಯಿತು. ನಡುರಾತ್ರಿ ಕಳೆದು ಒಂದೂವರೆ ಗಂಟೆಯ ಸುಮಾರಿಗೆ ಮನೆಮನೆಯ ದೀಪಗಳು ಆರಲಾರಂಭಿಸಿದವು. ಹ್ಯೂಸ್ಟನ್, ಡಾಲಸ್, ಆಸ್ಟಿನ್ ಎಂಬ ಹೆಸರುಗಳು ಕನ್ನಡದ ಕುಟುಂಬಗಳಿಗೆ ಈಗ ಹೊಸವಲ್ಲ. ಮಗನೋ ಸೊಸೆಯೋ ತಂಗಿಯ ಮಗಳೋ ಅಲ್ಲಿ ನೆಲೆಸಿರುವುದುಂಟು.

ಹದಿನಾರನೆಯ ತಾರೀಖು ಡಾಲಸ್ ನಗರದಲ್ಲಿ ಉಷ್ಣತೆ ಸೊನ್ನೆಗಿಂತ 19 ಡಿಗ್ರಿ ಸೆಂಟಿಗ್ರೇಡ್ ಕೆಳಗಿಳಿಯಿತು. 1949ರಿಂದೀಚೆಗೆ ಆ ಊರು ಅಂಥ ಚಳಿಯನ್ನು ಕಂಡಿರಲಿಲ್ಲ. ಚಳಿ ಏರಿದಂತೆ ವಿದ್ಯುತ್ತಿನ ಬೇಡಿಕೆ ಏರಿತು. ಅದೇ ಹೊತ್ತಿಗೆ ಅನಿಲದ ಬಾವಿಗಳೂ ವಿದ್ಯುದಾಗಾರಗಳ ಕೊಳವೆಗಳೂ ಹೆಪ್ಪುಗಟ್ಟಿದವು. ಅನಿಲವನ್ನು ತಳ್ಳುವ ಯಂತ್ರಗಳಲ್ಲಿ ಕೆಲವಕ್ಕೆ ಅರಿಯದೆ ವಿದ್ಯುತ್ತನ್ನೇ ಕಡಿದುದರಿಂದ ಅನಿಲ ಮತ್ತಷ್ಟು ಕಡಿಮೆಯಾಯಿತು. ಅನಿಲವಿಲ್ಲದೆ ವಿದ್ಯುತ್ತೂ ಕಡಿಮೆಯಾಯಿತು. ಇಡೀ ಜಾಲ ಕುಸಿಯಲು ಉಳಿದಿದ್ದುದು ನಾಲ್ಕು ನಿಮಿಷ 37 ಸೆಕೆಂಡು ಮಾತ್ರ ಎಂದು ಅದನ್ನು ನಡೆಸುವವರೇ ಆಮೇಲೆ ತಿಳಿಸಿದರು. ಹಾಗೆ ಕುಸಿದಿದ್ದರೆ ಕತ್ತಲೆ ವಾರಗಟ್ಟಲೆ ಉಳಿಯುತ್ತಿತ್ತಂತೆ. ಒಟ್ಟಿನಲ್ಲಿ ನಲವತ್ತೈದು ಲಕ್ಷ ಮನೆ, ಅಂಗಡಿಗಳಿಗೆ ವಿದ್ಯುತ್ತು ನಿಂತಿತು. ಸರದಿಯ ಮೇಲೆ ಸ್ವಲ್ಪ ಹೊತ್ತು ಎಂದು ಹೇಳಿದ್ದು ಅನೇಕರ ಪಾಲಿಗೆ ಮೂರು ದಿನವಾಯಿತು.

ಮುನ್ನೆಚ್ಚರಿಕೆ ಇರಲಿಲ್ಲವೆನ್ನುವಂತಿಲ್ಲ. 2011ರ ಫೆಬ್ರವರಿಯಲ್ಲಿಯೂ ಇಂಥ ಚಳಿ ಬಂದು ದೀಪ ಆರಿದ್ದುವು. ಯಂತ್ರಗಳಿಗೆ ಚಳಿಯ ರಕ್ಷಣೆ ಒದಗಿಸಬೇಕೆಂದು ತನಿಖೆಯ ವರದಿ ಹೇಳಿತ್ತು. ಅದನ್ನು ಕಡ್ಡಾಯ ಮಾಡುವ ಶಾಸನ ಬಂದುದು ಹತ್ತು ವರ್ಷದ ತರುವಾಯ, 2021ರ ಜೂನ್ ತಿಂಗಳಲ್ಲಿ. ಅದೇ ಪ್ರಾಂತ್ಯದ ಪಶ್ಚಿಮ ತುದಿಯ ಎಲ್ ಪಾಸೊ ನಗರ ಮಾತ್ರ ಬೇರೆ ಜಾಲಕ್ಕೆ ಸೇರಿತ್ತು, ಹಿಂದಿನ ಪಾಠವನ್ನೂ ಕಲಿತಿತ್ತು. ಅಲ್ಲಿ ದೀಪಗಳು ಬಹುಮಟ್ಟಿಗೆ ಆರಲಿಲ್ಲ.

ಉಳಿದ ಕಡೆ ಗೃಹಿಣಿಯ ಮುಂದಿದ್ದ ಪ್ರಶ್ನೆ ಬೇರೆ. ಮನೆಯ ಬಿಸಿಯನ್ನು ಉಳಿಸಿಕೊಳ್ಳುವುದು ಹೇಗೆ? ಅಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಗಳು ಬೆಚ್ಚಗಾಗುವುದು ವಿದ್ಯುತ್ತಿನಿಂದ. ಅನಿಲದ ಒಲೆಯಿದ್ದವರ ಮನೆಯಲ್ಲಿಯೂ ಬಿಸಿಗಾಳಿಯನ್ನು ತಳ್ಳುವ ಬೀಸಣಿಗೆ ವಿದ್ಯುತ್ತಿನದೇ. ಬುದ್ಧಿವಂತರು ಇಡೀ ಮನೆಯ ಆಸೆ ಬಿಟ್ಟು ಒಂದೇ ಕೋಣೆಯನ್ನು ಹಿಡಿದರು. ಬಾಗಿಲ ಕೆಳಗಿನ ಸಂದಿಗೆ ಸುರುಳಿ ಸುತ್ತಿದ ಟವೆಲು, ಕಿಟಕಿಗೆ ಕಂಬಳಿ, ಮೈಮೇಲೆ ಒಂದರ ಮೇಲೊಂದು ಉಡುಪು. ಅಜ್ಜಿಯಿಂದ ಹಿಡಿದು ನಾಯಿಯವರೆಗೆ ಎಲ್ಲರೂ ಒತ್ತಾಗಿ ಮಲಗುವುದು. ಕೋಣೆಯೊಳಗೇ ಡೇರೆ ಕಟ್ಟಿದವರೂ ಉಂಟು. ನಾಲ್ಕು ಜನರ ಮೈಬಿಸಿ ಅಷ್ಟು ಸಣ್ಣ ಜಾಗವನ್ನು ಸಾಕಷ್ಟು ಬೆಚ್ಚಗಿಡುತ್ತದೆ. ವೃದ್ಧರ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಚಳಿ ಮಿತಿಮೀರಿದಾಗ ಮೈನಡುಕ ನಿಂತೇಹೋಗುತ್ತದೆ, ಮಾತು ತೊದಲುತ್ತದೆ. ನಡುಕ ನಿಂತಿತೆಂದು ಸಮಾಧಾನಪಟ್ಟರೆ ಮೋಸಹೋದಂತೆಯೇ. ಸರ್ಕಾರದ ಲೆಕ್ಕದಂತೆ ಸತ್ತ 246 ಮಂದಿಯಲ್ಲಿ ಮೂರನೆಯ ಎರಡು ಭಾಗದಷ್ಟು ಜನ ಚಳಿಗೇ ಬಲಿಯಾದವರು.

ಇನ್ನು ಹತ್ತೊಂಬತ್ತು ಮಂದಿಯನ್ನು ಕೊಂದುದು ಬಿಸಿಗಾಗಿ ಅವರೇ ಹಚ್ಚಿಕೊಂಡ ಬೆಂಕಿ. ಅಂಗಳದಲ್ಲಿ ಬಳಸುವ ಇದ್ದಿಲ ಒಲೆಯನ್ನು ಮನೆಯೊಳಕ್ಕೆ ತಂದವರು, ಮುಚ್ಚಿದ ಗ್ಯಾರೇಜಿನಲ್ಲಿ ಮೋಟಾರು ನಡೆಸಿ ಅದರ ಬಿಸಿಯಲ್ಲಿ ಕುಳಿತವರು, ವಿದ್ಯುತ್ ಜನಕಯಂತ್ರವನ್ನು ಬಾಗಿಲ ಬಳಿ ಇಟ್ಟುಕೊಂಡವರು ತೊಂದರೆಗೆ ಸಿಲುಕಿದರು. ಇವೆಲ್ಲದರಿಂದಲೂ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕಿ ಬಿಗಿಯಾಗಿ ಅದು ರಕ್ತವನ್ನು ಹಿಡಿಯುತ್ತದೆ. ತಲೆನೋವು, ಓಕರಿಕೆ, ತೂಕಡಿಕೆ. ಮಲಗಿದರೆ ಸರಿಹೋದೀತೆಂದು ಮಲಗಿದವನು ಏಳುವುದಿಲ್ಲ.

ಈ ಮಾತು ಟೆಕ್ಸಾಸಿಗಷ್ಟೇ ಸಲ್ಲುವುದಲ್ಲ. ನಮ್ಮ ಬಾಣಂತಿ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡುವ ಪದ್ಧತಿ ಹಳೆಯದು. ಅಂದಿನ ಮನೆಗೆ ಹೆಂಚಿನ ಮಾಡಿತ್ತು, ಗವಾಕ್ಷಿಯಿತ್ತು. ಹೊಗೆ ತಾನಾಗಿ ದಾರಿ ಹುಡುಕಿಕೊಳ್ಳುತ್ತಿತ್ತು. ಕಾಂಕ್ರೀಟಿನ ಚಾವಣಿ, ಗಾಜು ಮುಚ್ಚಿದ ಕಿಟಕಿಯ ಇಂದಿನ ಕೋಣೆಗೆ ಆ ಕೆಂಡವನ್ನು ಹಾಗೆಯೇ ತಂದಿಡುವುದು ಅಪಾಯ. ಗಾಳಿಯಾಡದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಹೊತ್ತಿಸಿ ಸ್ನಾನಕ್ಕೆ ಹೋದವರು ಮರಳಿ ಬಾರದಿರುವುದೂ ಇದೇ ಕಾರಣದಿಂದ.

ಟೆಕ್ಸಾಸಿನಲ್ಲಿ ಬೆಂಕಿಯ ಬಳಿಕ ಕಾಡಿದುದು ನೀರು. ಧಗೆಯ ನಾಡಾದುದರಿಂದ ಅಲ್ಲಿ ಅನೇಕ ಮನೆಗಳ ನೀರಿನ ಕೊಳವೆ ಅಟ್ಟದಲ್ಲಿಯೋ ಹೊರಗೋಡೆಯಲ್ಲಿಯೋ ಹಾದುಹೋಗುತ್ತದೆ. ನೀರು ಹೆಪ್ಪುಗಟ್ಟುವಾಗ ಸುಮಾರು ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ. ನಲ್ಲಿಯನ್ನು ಸ್ವಲ್ಪ ತೊಟ್ಟಿಕ್ಕಲು ಬಿಟ್ಟರೆ ಒಳಗಿನ ಒತ್ತಡ ಇಳಿದು ಕೊಳವೆ ಉಳಿಯುತ್ತದೆ. ಆದರೆ ಊರೆಲ್ಲ ನಲ್ಲಿ ಬಿಟ್ಟಾಗ, ಒಡೆದ ಕೊಳವೆಗಳೂ ಅದಕ್ಕೆ ಸೇರಿಕೊಂಡಾಗ, ನಗರದ ನೀರಿನ ಒತ್ತಡವೇ ಕುಸಿಯಿತು. ಒಂದು ಕೋಟಿ ನಲವತ್ತು ಲಕ್ಷಕ್ಕೂ ಮಿಕ್ಕ ಜನಕ್ಕೆ ನೀರನ್ನು ಕುದಿಸಿ ಕುಡಿಯಿರೆಂಬ ಸೂಚನೆ ಬಂದಿತು. ವಿದ್ಯುತ್ತಿನ ಒಲೆಯವರು ಕುದಿಸುವುದೆಲ್ಲಿ? ಹಿಮವನ್ನು ಬಕೆಟ್ಟಿಗೆ ತುಂಬಿ ಕರಗಿಸಿ ಶೌಚಕ್ಕೆ ಬಳಸಿದವರು ಬಹಳ ಮಂದಿ.

ವಾರದ ಕೊನೆಗೆ ಬಿಸಿಲು ಬಂದಿತು, ದೀಪ ಹತ್ತಿತು. ಆಗ ಕೊಳವೆಯೊಳಗಿನ ಮಂಜುಗಡ್ಡೆಯೂ ಕರಗಿತು. ಅಲ್ಲಿಯವರೆಗೆ ಬಿರುಕನ್ನು ಮುಚ್ಚಿಕೊಂಡಿದ್ದುದು ಅದೇ. ಎಷ್ಟೋ ಮನೆಗಳಲ್ಲಿ ಚಾವಣಿಯಿಂದ ನೀರು ಸುರಿದು ಹಾಸಿಗೆ, ಪುಸ್ತಕ, ನೆಲಗಂಬಳಿಗಳೆಲ್ಲ ತೊಯ್ದವು. ಮನೆಗೆ ನೀರು ಬರುವ ಮುಖ್ಯ ತಿರುಪು ಎಲ್ಲಿದೆಯೆಂದು ಬಲ್ಲವರು ಓಡಿಹೋಗಿ ತಿರುಗಿಸಿದರು. ಅರಿಯದವರು ಟಾರ್ಚು ಹಿಡಿದು, ಹಿಮದಡಿಯಲ್ಲಿ ಹೂತ ಅದರ ಮುಚ್ಚಳವನ್ನು ಹುಡುಕುತ್ತ ಅಂಗಳದಲ್ಲಿ ಅಲೆದರು.