ಮಿತಿಯೊಳಗೆ ಅಮಿತವುಂಟೆ?

ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆಗೆ ಹೋದಾಗಲೆಲ್ಲ ಓದಿದ ತರುಣರು ನಮ್ಮನ್ನು ಕೇಳುವ ಪ್ರಶ್ನೆ ಒಂದಿದೆ. “ವಿಜ್ಞಾನಿಗಳು ಜಗತ್ತನ್ನು ಅಳೆದಿದ್ದಾರೆ. ಅಳತೆಗೆ ಸಿಕ್ಕ ಜಗತ್ತಿನಲ್ಲಿ ಅನಂತನಾದ ಶಿವನಿಗೆ ಸ್ಥಳವೆಲ್ಲಿ?” ಭಕ್ತಿಯ ಮಾತು ಹೇಳಿ ಇವರ ಬಾಯಿ ಮುಚ್ಚಿಸುವುದು ಸರಿಯಲ್ಲ.

ದೊಡ್ಡದು ಬೇರೆ, ಅನಂತ ಬೇರೆ ಎಂಬುದನ್ನು ಮೊದಲು ತಿಳಿಯಬೇಕು. ಲಿಂಗನಮಕ್ಕಿಯ ಹಿನ್ನೀರಿನ ದಡದಲ್ಲಿ ನಿಂತರೆ ಕಡೆಯೇ ಕಾಣದು. ಆದರೆ 1964ರಲ್ಲಿ ಮುಗಿದ ಆ ಅಣೆಕಟ್ಟಿನ ನೀರಿನ ಮಟ್ಟ 1819 ಅಡಿಗೆ ನಿಲ್ಲುತ್ತದೆ. ಆ ಗೆರೆಯ ಕೆಳಗೆ ಮನೆ, ತೋಟ ಕಳೆದುಕೊಂಡವರಿಗೆ ಮಿತಿಯೆಂದರೇನೆಂದು ನಾವು ಹೇಳಿಕೊಡಬೇಕಾಗಿಲ್ಲ. ನಮಗೆ ಕಾಣಬಲ್ಲ ಬ್ರಹ್ಮಾಂಡದ ಅಡ್ಡಳತೆ ಸುಮಾರು 9300 ಕೋಟಿ ಜ್ಯೋತಿರ್ವರ್ಷವಂತೆ. ಅದೂ ದೊಡ್ಡದೇ ಹೊರತು ಅನಂತವಲ್ಲ. ಅದರಾಚೆಯದನ್ನು ಖಗೋಳಶಾಸ್ತ್ರಜ್ಞರೇ ಇನ್ನೂ ನಿರ್ಣಯಿಸಿಲ್ಲ.

ಆದ್ದರಿಂದ ಹೊರಗೆ ಹುಡುಕುವುದನ್ನು ಬಿಟ್ಟು ಮಿತಿಯ ಒಳಗೇ ನೋಡೋಣ. ಒಬ್ಬನು ಬೆಳಗಿನ ಜಾವ ಸಾಗರದಿಂದ ಹೊಸನಗರಕ್ಕೆ ನಡೆದು ಹೊರಟನೆನ್ನಿ. ಮೊದಲು ಅರ್ಧ ದಾರಿ, ಆಮೇಲೆ ಉಳಿದುದರಲ್ಲಿ ಅರ್ಧ, ಮತ್ತೆ ಉಳಿದುದರಲ್ಲಿ ಅರ್ಧ. ಈ ಭಾಗಗಳಿಗೆ ಕೊನೆಯೇ ಇಲ್ಲ. ಆದರೂ ಸಂಜೆಗೆ ಅವನು ಹೊಸನಗರದ ಪೇಟೆಯಲ್ಲಿರುತ್ತಾನೆ! ಕೊನೆಯಿಲ್ಲದ ಆ ಭಾಗಗಳನ್ನೆಲ್ಲ ಕೂಡಿದರೆ ಬರುವುದು ಅದೇ ಒಂದು ದಾರಿ, ಅಂಗುಲವೂ ಹೆಚ್ಚಿಲ್ಲ. ಗ್ರೀಕರ ಜೀನೋ ಇಂಥದನ್ನು ಹಿಡಿದು ಚಲನೆಯೇ ಅಸಾಧ್ಯವೆಂದು ವಾದಿಸಿದ. ನಮ್ಮ ನೆರೆಯ ಕೇರಳದಲ್ಲಿ 14ನೆಯ ಶತಮಾನದಲ್ಲಿ ಹುಟ್ಟಿದ ಮಾಧವನಾದರೋ ಕೊನೆಯಿಲ್ಲದ ಸರಣಿಯಿಂದಲೇ ವೃತ್ತದ ಪರಿಧಿಯನ್ನು ಲೆಕ್ಕಹಾಕಿದ. ಜೀನೋನಿಗಿಂತ ಈತನ ದಾರಿಯೇ ನಮಗೆ ಮೆಚ್ಚು.

ಆದರೆ ಇಲ್ಲೊಂದು ತೊಡಕುಂಟು. ಕಲ್ಲುಮಣ್ಣಿನ ದಾರಿಯನ್ನು ನಿಜವಾಗಿ ಹೀಗೆ ಒಡೆಯುತ್ತ ಹೋಗಲು ಬರುವುದಿಲ್ಲ. 50 ಸಲ ಅರ್ಧ ಮಾಡುವಷ್ಟರಲ್ಲಿ ಉಳಿದ ತುಂಡು ಒಂದು ಪರಮಾಣುವಿಗಿಂತ ಚಿಕ್ಕದಾಗುತ್ತದೆ. ಮಣ್ಣು ಅಲ್ಲಿ ಸೋತಿತು, ಎಣಿಕೆ ಸೋಲಲಿಲ್ಲ. ಅಂದಮೇಲೆ ಆ ಅನಂತ ಇದ್ದುದು ಮಣ್ಣಿನ ರಾಶಿಯಲ್ಲಲ್ಲ, “ಉಳಿದುದರಲ್ಲಿ ಅರ್ಧ” ಎಂಬ ಎರಡೇ ಮಾತಿನ ನಿಯಮದಲ್ಲಿ. ಅದನ್ನು ಶಾಲೆಯ ಮಗುವೂ ತನ್ನ ಪುಟ್ಟ ತಲೆಯಲ್ಲಿ ಹಿಡಿಯಬಲ್ಲುದು.

ಇಷ್ಟಲಿಂಗದ ವಿಚಾರವನ್ನೂ ಹೀಗೆಯೇ ನೋಡಬೇಕೆಂಬುದು ನಮ್ಮ ಅಭಿಪ್ರಾಯ. ಅಂಗೈಯ ಲಿಂಗದೊಳಗೆ ಬ್ರಹ್ಮಾಂಡವನ್ನೇ ಮಡಿಚಿ ತುಂಬಿದೆಯೆಂದು ಕೆಲವರು ವರ್ಣಿಸುತ್ತಾರೆ. ಕೇಳಲು ಇಂಪು, ಆದರೆ ಮಾತು ಪುನಃ ಗಾತ್ರದ ಲೆಕ್ಕಕ್ಕೇ ಬಂದಿತು. ಶರಣರು ಅದನ್ನು ಕುರುಹು ಎಂದು ಕರೆದರು, ಪಾತ್ರೆಯೆಂದು ಕರೆಯಲಿಲ್ಲ. ತರುಣರು ಕೇಳಿದ “ಸ್ಥಳವೆಲ್ಲಿ” ಎಂಬ ಮಾತಿನಲ್ಲಿ ಇದ್ದುದು ಪಾತ್ರೆಯ ಚಿಂತೆ. ಹೊಸನಗರದ ದಾರಿಯಲ್ಲಿ ಆ ಎರಡು ಮಾತು ಮಾಡಿದ ಕೆಲಸವನ್ನು ಅಂಗೈಯಲ್ಲಿ ಈ ಕುರುಹು ಮಾಡುತ್ತದೆ.