ಸಾವಯವ ಸೌರಕೋಶ: ಅಣುರಚನೆಯಿಂದ ಹೆಚ್ಚಿದ ದಕ್ಷತೆ

ಸಾವಯವ ಎಂದೊಡನೆ ರೈತ ಬಾಂಧವರಿಗೆ ನೆನಪಾಗುವುದು ಕೊಟ್ಟಿಗೆ ಗೊಬ್ಬರ. ಆದರೆ ಸಾವಯವ ಸೌರಕೋಶಕ್ಕೂ ಗೊಬ್ಬರಕ್ಕೂ ಸಂಬಂಧವಿಲ್ಲ. ರಸಾಯನಶಾಸ್ತ್ರದಲ್ಲಿ ಇಂಗಾಲದ ಸಂಯುಕ್ತಗಳಿಗೆ ಈ ಹೆಸರಿದೆ. ಪಂಪ್‌ಸೆಟ್ಟಿಗೆ ಜೋಡಿಸುವ ಸೌರಫಲಕಗಳಲ್ಲಿ ಸಾಮಾನ್ಯವಾಗಿ ಸಿಲಿಕಾನ್ ಇರುತ್ತದೆ. ಈ ಕೋಶಗಳಲ್ಲಿ ಇಂಗಾಲದ ಅಣುಗಳ ತೆಳುಲೇಪನವಿರುತ್ತದೆ. ಅದನ್ನು ಶಾಯಿಯಂತೆ ಪ್ಲಾಸ್ಟಿಕ್ ಹಾಳೆಯ ಮೇಲೆ ಬಳಿಯಬಹುದಾದ್ದರಿಂದ ಫಲಕ ಹಗುರವಾಗಿದ್ದು, ಬಾಗುತ್ತದೆ.

ಲೇಪನದಲ್ಲಿ ಎರಡು ಬಗೆಯ ಅಣುಗಳಿವೆ: ಎಲೆಕ್ಟ್ರಾನು ಕೊಡುವ ದಾನಿ ಮತ್ತು ಪಡೆಯುವ ಗ್ರಾಹಿ. ಬಿಸಿಲು ಬಿದ್ದಾಗ ಹುಟ್ಟುವ ವಿದ್ಯುದಂಶಗಳ ಜೋಡಿಯು ದಾನಿ-ಗ್ರಾಹಿಗಳ ಗಡಿಯನ್ನು ತಲುಪಿದರೆ ಮಾತ್ರ ಬೇರ್ಪಟ್ಟು ವಿದ್ಯುತ್ತಾಗುತ್ತದೆ. ಅದು ಸಾಗಬಲ್ಲ ದೂರವೋ ಮಿಲಿಮೀಟರಿನ ಸುಮಾರು ಲಕ್ಷದ ಒಂದು ಭಾಗ. ಕಾಲುವೆಯ ನೀರು ಗದ್ದೆ ಮುಟ್ಟುವ ಮೊದಲೇ ಇಂಗಿಹೋದಂತೆ, ಗಡಿ ದೂರವಿದ್ದರೆ ಶಕ್ತಿ ವ್ಯರ್ಥ.

1986ರಲ್ಲಿ ಚಿಂಗ್ ಟ್ಯಾಂಗ್ ಅವರು ಪ್ರಕಟಿಸಿದ ಎರಡು ಪದರಗಳ ಕೋಶದ ದಕ್ಷತೆ ಸುಮಾರು ಶೇಕಡಾ 1. ಮುಂದೆ ಚೆಂಡಿನಾಕಾರದ ಫುಲ್ಲರೀನ್ ಅಣುಗಳನ್ನು ಗ್ರಾಹಿಯಾಗಿ ಬಳಸಿದರು. ಇವು ಬೆಳಕನ್ನು ಕಡಿಮೆ ಹೀರುತ್ತವೆ. ರಚನೆಯನ್ನು ಬೇಕಾದಂತೆ ಮಾರ್ಪಡಿಸುವುದೂ ಕಷ್ಟ. ಹೀಗಾಗಿ ದಕ್ಷತೆ ಶೇಕಡಾ 11ರ ಆಸುಪಾಸಿನಲ್ಲಿ ನಿಂತಿತು. 2019ರಲ್ಲಿ ಚೀನಾದ ಸೆಂಟ್ರಲ್ ಸೌತ್ ವಿಶ್ವವಿದ್ಯಾಲಯದ ಝೋ ಯಿಂಗ್‌ಪಿಂಗ್ ಮತ್ತು ಸಂಗಡಿಗರು ರೂಪಿಸಿದ ‘ವೈ-6’ ಎಂಬ ಹೊಸ ಗ್ರಾಹಿ ಶೇಕಡಾ 15.7 ದಕ್ಷತೆ ನೀಡಿತು.

ಈ ಅಣುವಿನಲ್ಲಿ ಗಮನಿಸತಕ್ಕ ಅಂಶಗಳು ಮೂರು:

1. ನಡುಭಾಗ ಎಲೆಕ್ಟ್ರಾನು ಕೊಡುತ್ತದೆ, ಎರಡು ತುದಿಗಳು ಸೆಳೆಯುತ್ತವೆ. ಇದರಿಂದ ಕೆಂಪಿನಾಚೆಯ, ಕಣ್ಣಿಗೆ ಕಾಣದ ಕಿರಣಗಳೂ ಬಳಕೆಯಾಗುತ್ತವೆ.

2. ತುದಿಗಳಲ್ಲಿರುವ ಫ್ಲೋರಿನ್ ಪರಮಾಣುಗಳು ಅಣುಗಳನ್ನು ಒತ್ತಾಗಿ ಜೋಡಿಸಿ, ವಿದ್ಯುತ್ ಹರಿಯಲು ದಾರಿ ಮಾಡುತ್ತವೆ.

3. ಪಕ್ಕದ ಇಂಗಾಲ ಸರಪಳಿಗಳು ಅಣುವನ್ನು ದ್ರಾವಕದಲ್ಲಿ ಕರಗಿಸುತ್ತವೆ. ಅತಿಯಾಗಿ ಗಂಟುಕಟ್ಟದಂತೆಯೂ ತಡೆಯುತ್ತವೆ.

ಇದೇ ಜಾಡಿನಲ್ಲಿ ನಡೆದ ಸುಧಾರಣೆಗಳಿಂದ ಪ್ರಯೋಗಾಲಯದ ಚಿಕ್ಕ ಕೋಶಗಳು ಈಗ ಶೇಕಡಾ 20ರ ಮಟ್ಟ ಮುಟ್ಟಿವೆ.

ಕೃಷಿಗೆ ಇದರಿಂದ ವಿಶೇಷ ಪ್ರಯೋಜನವಿದೆ. ಬೆಳೆಗಳು ಮುಖ್ಯವಾಗಿ ಕೆಂಪು ಹಾಗೂ ನೀಲಿ ಬೆಳಕನ್ನು ಬಳಸುತ್ತವೆ. ಆ ಬೆಳಕನ್ನು ಬಹುಮಟ್ಟಿಗೆ ಕೆಳಗೆ ಬಿಟ್ಟು, ಉಳಿದುದನ್ನು ಹೀರುವ ಅಣುಗಳನ್ನು ಆರಿಸಿದರೆ ಹಸಿರುಮನೆಯ ಚಾವಣಿಯೇ ವಿದ್ಯುತ್ ಕೊಡಬಲ್ಲದು.

ಆದರೆ ಆತುರ ಬೇಡ. ಬಿಸಿಲು, ಶಾಖ, ತೇವ ಮತ್ತು ಆಮ್ಲಜನಕದಿಂದ ಈ ಅಣುಗಳು ಕೆಡುತ್ತವೆ. ದೊಡ್ಡ ಹಾಳೆಗಳಲ್ಲಿ ದಕ್ಷತೆ ಇಳಿಯುತ್ತದೆ. ಸಿಲಿಕಾನ್ ಫಲಕಗಳಿಗಾದರೋ 25 ವರ್ಷಗಳ ಖಾತರಿ ಸಾಮಾನ್ಯ. ಆದ್ದರಿಂದ ಪಂಪ್‌ಸೆಟ್ಟಿಗೆ ಸದ್ಯ ಸಿಲಿಕಾನ್ ಫಲಕವೇ ಸೂಕ್ತ. ಸಾವಯವ ಫಲಕ ಕೊಳ್ಳುವಂತೆ ಯಾರಾದರೂ ಹೇಳಿದರೆ, ದಕ್ಷತೆಯನ್ನು ಎಷ್ಟು ದೊಡ್ಡ ಫಲಕದಲ್ಲಿ ಅಳೆದರು, ಎಷ್ಟು ವರ್ಷಗಳ ಖಾತರಿಯಿದೆ ಎಂಬುದನ್ನು ಲಿಖಿತವಾಗಿ ಪಡೆದು ಮುಂದುವರಿಯುವುದು ಲೇಸು.